ಅಟ್ಟದ ಕಾಯಿ, ಕೊಟ್ಟ ಮಾತು

ನಮ್ಮ ಶೆಟ್ಟಿಕೆರೆ ಕಡೆ ಅವಸರದವರು ಕೊಬ್ಬರಿ ಮಾಡಲಾರರು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಡಲು ಹತ್ತು ಹನ್ನೊಂದು ತಿಂಗಳು ಬೇಕು. ಅಲ್ಲಿಯವರೆಗೆ ಯಾರೂ ಅಟ್ಟದ ಕೆಳಗೆ ಕೈಕಟ್ಟಿ ಕೂರುವುದಿಲ್ಲ. ರಾಗಿ ಬಡಿದು, ಬಾಣಂತನ ಮುಗಿಸಿ, ಒಂದು ದಿನ ಕಾಯಿ ಅಲ್ಲಾಡಿಸಿದರೆ ಒಳಗಿನ ಗಿಟುಕು ಲೊಟಲೊಟ ಎನ್ನುತ್ತದೆ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗಳನ್ನು "ದಿನವಿಡೀ ಅದೇನೇ ಮಾಡ್ತೀಯ?" ಎಂದು ಕೇಳಿದೆ.

"ನಿನ್ನ ಅಟ್ಟದ ಕೆಲಸವೇ ಅಮ್ಮ" ಎಂದಳು. ದೂರದ ಯಂತ್ರದಿಂದ ಏನಾದರೂ ತರಿಸಬೇಕಾದರೆ ಪ್ರೋಗ್ರಾಮು ಸುಮ್ಮನೆ ಕಾಯುವುದಿಲ್ಲವಂತೆ. 'ಆಮೇಲೆ ಕೊಡುತ್ತೇನೆ' ಎಂಬ ಮಾತನ್ನಷ್ಟೇ ಇಟ್ಟುಕೊಂಡು ಬೇರೆ ಕೆಲಸಕ್ಕೆ ಹೋಗುತ್ತದಂತೆ. ಅದಕ್ಕೆ ಹೆಸರೇ ಪ್ರಾಮಿಸ್. 1988ರಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಲಿಯುಬಾ ಶ್ರೀರಾ ಎಂಬ ಇಬ್ಬರು ಹೆಂಗಸರು ಇದನ್ನು ಕುರಿತು ಬರೆದರಂತೆ. ಕೆಲಸ ಕೆಟ್ಟರೆ, ಕೆಟ್ಟಿತೆಂಬ ಸುದ್ದಿಯೂ ಆ ಮಾತಿನ ಜೊತೆಗೇ ಬರಬೇಕೆಂಬುದು ಅದರಲ್ಲಿತ್ತಂತೆ.

ಅವಳು ಬರೆಯುವ ಭಾಷೆ ರಸ್ಟ್. 2019ರಲ್ಲಿ ಅದಕ್ಕೆ ಈ ಕಾಯುವ ವಿದ್ಯೆ ಸರಾಗವಾಗಿ ಒದಗಿತಂತೆ. "ಅದರಲ್ಲಿ ಬರೀ ಮಾತು ಕೊಟ್ಟರೆ ಏನೂ ಶುರುವಾಗಲ್ಲ ಅಮ್ಮ. ಯಾರಾದರೂ ಬೇಕೆಂದು ಕೇಳಿದಾಗಲೇ ಕೆಲಸ ನಡೆಯೋದು. ಗಳಿಗೆಗೊಮ್ಮೆ ಅಲ್ಲಾಡಿಸಿ ನೋಡಬೇಕಾಗೂ ಇಲ್ಲ. ಆದಾಗ ಎಬ್ಬಿಸೋಕೆ ವೇಕರ್ ಅಂತ ಒಂದಿರುತ್ತೆ."

ನನಗೆ ಅಪ್ಪ ನೆನಪಾದರು. ಎಸ್ಸೆಸ್ಸೆಲ್ಸಿ ಮುಗಿದಾಗ, "ಕೊಬ್ಬರಿ ಮಾರಿದ ಮೇಲೆ ತಿಪಟೂರಿನ ಕಾಲೇಜಿಗೆ ಸೇರಿಸ್ತೀನಿ" ಎಂದಿದ್ದರು. ಆ ಮಳೆಗಾಲ ಸೂರು ಸೋರಿ ಅಟ್ಟದ ಕಾಯಿ ಅರ್ಧಕ್ಕರ್ಧ ಕೊಳೆಯಿತು. ಅಪ್ಪ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಎರಡು ವರ್ಷ ಕಾದೆ, ಆಮೇಲೆ ಮದುವೆಯಾಯಿತು. ಕಾಲೇಜು ತಪ್ಪಿದ್ದಕ್ಕಿಂತ ಆ ಎರಡು ವರ್ಷದ ಕಾಯುವಿಕೆಯೇ ಇಂದಿಗೂ ಚುಚ್ಚುತ್ತದೆ. ಆಗುವುದಿಲ್ಲ ಎಂದಿದ್ದರೆ ಹೊಲಿಗೆಯನ್ನಾದರೂ ಕಲಿಯುತ್ತಿದ್ದೆ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಾಯಿ ಸುಲಿಯುವವನ ಹೆಂಡತಿಗೆ, "ಮಗಳ ಫೀಸಿನ ಯೋಚನೆ ಬಿಡು, ಕೊಬ್ಬರಿ ಆಗಲಿ" ಎಂದು ನಾನೂ ಹೇಳಿದ್ದೆ. ಈ ಸಲ ಫಸಲು ಕಡಿಮೆ. ಹೇಳಲು ನಾಚಿಕೆಯಾಗಿ, ಅವಳು ಎದುರಾದಾಗಲೆಲ್ಲ ಹವಾಮಾನದ ಮಾತಾಡುತ್ತಿದ್ದೆ!

ಬೆಳಿಗ್ಗೆ ಎದ್ದವಳೇ ಅವರ ಮನೆಗೆ ಹೋದೆ. "ಅರ್ಧ ಕೊಡ್ತೀನಿ ಕಣೆ, ಪೂರ್ತಿ ಆಗಲ್ಲ" ಎಂದೆ.

ಅವಳ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗಲೇ ಹೇಳಿದ್ದು ಒಳ್ಳೇದಾಯ್ತಕ್ಕ. ಉಳಿದದ್ದಕ್ಕೆ ಸಂಘದಲ್ಲಿ ಸಾಲ ಕೇಳ್ತೀನಿ, ಇನ್ನೂ ಹದಿನೈದು ದಿನ ಟೈಮೈತೆ" ಎಂದು ಕಾಫಿಗೆ ನೀರಿಟ್ಟಳು.