ಬಾರದೆ ಉಳಿದ ಹದಿನಾಲ್ಕು ಮಂದಿ

ಜೂನ್ ಮೊದಲ ವಾರ ಊರಿಗೆ ಹೋಗಿದ್ದೆ. ತಿಪಟೂರಿನಿಂದ ಒಂದಷ್ಟು ಒಳಗೆ ನಮ್ಮೂರು. ಸಂಜೆ ಮಳೆ ಬಂದು ಕರೆಂಟು ಹೋಗಿತ್ತು. ಅಮ್ಮ ಜಗಲಿಯ ಮೇಲೆ ಚಾರ್ಜರ್ ಲೈಟು ಇಟ್ಟುಕೊಂಡು ರಾಗಿ ಕೇರುತ್ತಿದ್ದಳು. ಮೊಬೈಲಿನ ಚಾರ್ಜೂ ಮುಗಿದು ಚಡಪಡಿಸುತ್ತಿದ್ದ ತಮ್ಮ, "ಅಕ್ಕ, ಇಪ್ಪತ್ತೇಳಕ್ಕೆ ಸ್ಕ್ವಿಡ್ ಗೇಮ್ ಮೂರನೇ ಸೀಸನ್ ಬರ್ತಿದೆ. ಹಿಂದಿನದೆಲ್ಲ ಅರ್ಧಂಬರ್ಧ ನೆನಪಿದೆ. ಒಂದ್ಸಲ ಮೊದಲಿಂದ ಹೇಳ್ಬಿಡು" ಅಂದ.

ಮೊದಲ ಸೀಸನ್ 2021ರ ಸೆಪ್ಟೆಂಬರ್‌ನಲ್ಲಿ ಬಂದಾಗ ಹಾಸ್ಟೆಲ್ ಕೋಣೆಯಲ್ಲಿ ಎರಡು ರಾತ್ರಿ ನಿದ್ದೆಗೆಟ್ಟು ಒಂಬತ್ತು ಕಂತುಗಳನ್ನೂ ನೋಡಿದ್ದೆ. ಎರಡನೆಯದು ಬರುವ ಮೊದಲು ಅದನ್ನೇ ಇನ್ನೊಮ್ಮೆ ನೋಡಿದ್ದೆ. ಕಥೆ ಹೇಳುವುದು ಕಷ್ಟವೇನಲ್ಲ ಅಂದುಕೊಂಡು ಶುರು ಮಾಡಿದೆ. ನಾನು ಹೇಳುತ್ತಿದ್ದುದು ತಮ್ಮನಿಗೆ. ಅಮ್ಮನ ಕಿವಿಯೂ ಇತ್ತ ಕಡೆಗೇ ಇದೆ ಎಂದು ನನಗೆ ತಿಳಿದಿರಲಿಲ್ಲ.

"ಗಿ ಹುನ್ ಅಂತ ಒಬ್ಬ. ಸೋಲ್ ನಗರದಲ್ಲಿ ಅವನ ವಾಸ. ಹೆಂಡತಿ ಬಿಟ್ಟು ಹೋಗಿದಾಳೆ, ಮಗಳು ಅವಳ ಹತ್ರ. ಇವನು ವಯಸ್ಸಾದ ತಾಯಿಯ ದುಡಿಮೆಯಲ್ಲಿ ಊಟ ಮಾಡ್ಕೊಂಡು, ಅವಳ ಕಾರ್ಡಿನಿಂದ ದುಡ್ಡು ತೆಗೆದು ಕುದುರೆ ಜೂಜಿಗೆ ಕಟ್ತಾನೆ. ತಾಯಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೀತಾ ಇದೆ. ಆಸ್ಪತ್ರೆಗೆ ಸೇರಿಸೋಣ ಅಂದ್ರೆ ಇವನು ಮೊದಲೇ ವಿಮೆ ರದ್ದು ಮಾಡಿ ಆ ದುಡ್ಡನ್ನೂ ತಿಂದಾಗಿದೆ."

"ಸಾಲ ಎಷ್ಟಿತ್ತು ಅವನಿಗೆ?" ಅಂದಳು ಅಮ್ಮ, ಮೊರದಿಂದ ಕಣ್ಣೆತ್ತದೆ.

ಬ್ಯಾಂಕಿನದೂ ಬಡ್ಡಿ ಸಾಲಗಾರರದೂ ಸೇರಿ ಅವನು ಈ ಜನ್ಮದಲ್ಲಿ ತೀರಿಸಲಾಗದಷ್ಟು ಎಂದೆ. ಬಡ್ಡಿಯವರು ಅವನ ಮೂಗಿನಿಂದ ಸುರಿದ ರಕ್ತದಲ್ಲೇ ಹೆಬ್ಬೆಟ್ಟು ಒತ್ತಿಸಿಕೊಂಡು, ದುಡ್ಡು ಕೊಡದಿದ್ದರೆ ಕಿಡ್ನಿ ಕಣ್ಣು ಕೊಡುತ್ತೇನೆಂದು ಬರೆಸಿಕೊಳ್ಳುವುದನ್ನೂ ಹೇಳಿದೆ. ಅಮ್ಮ "ಹೂಂ" ಎಂದಳು, ಅದರಲ್ಲಿ ಅಚ್ಚರಿಯೇನೂ ಇರಲಿಲ್ಲ.

ಅವನನ್ನು ಬರೀ ಜೂಜುಕೋರನೆಂದು ಬಿಟ್ಟುಬಿಟ್ಟರೆ ಅನ್ಯಾಯವಾಗುತ್ತದೆ. ಅವನು ಡ್ರ್ಯಾಗನ್ ಮೋಟರ್ಸ್ ಎಂಬ ಕಾರ್ಖಾನೆಯಲ್ಲಿದ್ದವನು. ಸಾಮೂಹಿಕವಾಗಿ ಕೆಲಸದಿಂದ ತೆಗೆದಾಗ ಕಾರ್ಮಿಕರು ಮುಷ್ಕರ ಹೂಡಿದರು. ಪೊಲೀಸರು ನುಗ್ಗಿದಾಗ ಪಕ್ಕದಲ್ಲಿದ್ದ ಸಂಗಾತಿ ಕಣ್ಣೆದುರೇ ಸತ್ತ. ಮಗಳು ಹುಟ್ಟಿದ ಹೊತ್ತಿನಲ್ಲಿ ಅವನು ಕಾರ್ಖಾನೆಯೊಳಗಿದ್ದ. ಇದಕ್ಕೆ ಹಿಂದೆ ನಿಜದ ಸಂಗತಿಯೊಂದಿದೆ. 2009ರಲ್ಲಿ ಕೊರಿಯಾದ ಪ್ಯೋಂಗ್‌ಟೆಕ್‌ನ ಸಾಂಗ್‌ಯಾಂಗ್ ಕಾರು ಕಾರ್ಖಾನೆಯಲ್ಲಿ 77 ದಿನಗಳ ಮುಷ್ಕರ ನಡೆದು ಪೊಲೀಸ್ ದಾಳಿಯಲ್ಲಿ ಮುಗಿಯಿತು. ಸಾಂಗ್‌ಯಾಂಗ್ ಎಂದರೆ ಜೋಡಿ ಡ್ರ್ಯಾಗನ್ ಎಂದೇ ಅರ್ಥ. ಎರಡು ವರ್ಷದ ಮೇಲೆ ಆ ಕಂಪನಿಯನ್ನು ಕೊಂಡದ್ದು ನಮ್ಮ ಮಹೀಂದ್ರಾ. ಕಥೆ ಬರೆದು ನಿರ್ದೇಶಿಸಿದ ಹ್ವಾಂಗ್ ಡಾಂಗ್ ಹ್ಯುಕ್ ಕೂಡ ಅದೇ ಕಾಲದಲ್ಲಿ ಸಾಲದಲ್ಲಿದ್ದವರು. ಕೈ ಬರಿದಾಗಿ, ಬರೆಯುತ್ತಿದ್ದ ಲ್ಯಾಪ್‌ಟಾಪನ್ನೇ ಮಾರಬೇಕಾಯಿತಂತೆ. ಅವರ ಕಥೆಯನ್ನು ಹತ್ತು ವರ್ಷ ಯಾರೂ ಮುಟ್ಟಲಿಲ್ಲ.

ಮುಂದಿನದು ತಮ್ಮನಿಗೂ ಗೊತ್ತಿತ್ತು. ಮೆಟ್ರೋ ನಿಲ್ದಾಣದಲ್ಲಿ ಸೂಟು ತೊಟ್ಟವನೊಬ್ಬ ಕಾಗದದ ಬಿಲ್ಲೆ ಬಡಿಯುವ ಆಟ ಆಡಿಸಿ, ಸೋತಾಗಲೆಲ್ಲ ಕೆನ್ನೆಗೆ ಹೊಡೆದು, ಕೊನೆಗೆ ಒಂದು ಕಾರ್ಡು ಕೊಡುತ್ತಾನೆ. ಫೋನು ಮಾಡಿದವರನ್ನೆಲ್ಲ ಪ್ರಜ್ಞೆ ತಪ್ಪಿಸಿ ಒಂದು ದ್ವೀಪಕ್ಕೆ ಒಯ್ಯುತ್ತಾರೆ. ಒಟ್ಟು 456 ಜನ. ಎಲ್ಲರೂ ಸಾಲಗಾರರು. ಮಕ್ಕಳಾಟದ ಹೆಸರಲ್ಲಿ ಆರು ಆಟ, ಸೋತವರಿಗೆ ಗುಂಡು. ಒಬ್ಬೊಬ್ಬರು ಸತ್ತಾಗಲೂ ಮೇಲೆ ತೂಗುವ ಗಾಜಿನ ಹುಂಡಿಗೆ 10 ಕೋಟಿ ವಾನ್ ಬೀಳುತ್ತದೆ.

"ನಮ್ಮ ದುಡ್ಡಲ್ಲಿ?"

"ಅರವತ್ತು ಲಕ್ಷ ಅಂದ್ಕೊಮ್ಮ."

ಅಮ್ಮ ಮೊರ ಕೆಳಗಿಟ್ಟಳು. "ಸತ್ತೋರಿಗೆ ಅಷ್ಟು ಬೆಲೇನಾ? ಬದುಕಿದ್ದಾಗ ಯಾರೂ ಕೊಡಲಿಲ್ವಲ್ಲ."

ಮೊದಲ ಆಟದಲ್ಲಿ ದೊಡ್ಡ ಗೊಂಬೆ ಹಾಡು ಹೇಳಿ ತಿರುಗುವಾಗ ಅಲುಗಿದವರೆಲ್ಲ ಸಾಯುತ್ತಾರೆ. 255 ಹೆಣ. ಉಳಿದ 201 ಜನ ಮನೆಗೆ ಬಿಡಿ ಎಂದು ಅಳುತ್ತಾರೆ. ಅವರು ಸಹಿ ಹಾಕಿದ ಕರಾರಿನಲ್ಲಿ ಮೂರನೇ ಷರತ್ತೊಂದಿದೆ: ಬಹುಮತ ಒಪ್ಪಿದರೆ ಆಟ ನಿಲ್ಲಿಸಬಹುದು. ಸರಿ, ಮತದಾನ. ಅಷ್ಟರಲ್ಲಿ ಹುಂಡಿಯ ದುಡ್ಡು ತೋರಿಸಿಯಾಗಿದೆ. ನೂರಕ್ಕೆ ನೂರು ಸಮವಾಗಿ, ಕೊನೆಯ ಮತ 001 ನಂಬರಿನ ಮುದುಕನದು. ಅವನು ಬೇಡ ಎನ್ನುತ್ತಾನೆ. ಎಲ್ಲರೂ ಮನೆಗೆ.

ನನ್ನ ಲೆಕ್ಕಕ್ಕೆ ಇಡೀ ಸರಣಿಯ ಜೀವ ಇರುವುದು ಇದರ ಮುಂದಿನ ಭಾಗದಲ್ಲಿ. ಆ ಕಂತಿನಲ್ಲಿ ಆಟವೇ ಇಲ್ಲ. ಅದರ ಹೆಸರು 'ನರಕ'. ಗಿ ಹುನ್ ತಾಯಿ ಆಸ್ಪತ್ರೆಯಿಂದ ಎದ್ದು ಬರುತ್ತಾಳೆ, ಮಲಗಿದರೆ ಬಾಡಿಗೆ ಯಾರು ಕಟ್ಟುವವರು ಎನ್ನುತ್ತಾಳೆ. ಅವನ ಬಾಲ್ಯದ ಗೆಳೆಯ ಸಾಂಗ್ ವೂ, ಕೇರಿಗೇ ಹೆಮ್ಮೆಯ ಹುಡುಗ, ಗಿರಾಕಿಗಳ ದುಡ್ಡು ಮುಳುಗಿಸಿ ತಾಯಿಯ ಅಂಗಡಿ ಮನೆ ಅಡವಿಟ್ಟಿದ್ದಾನೆ. ಪಾಕಿಸ್ತಾನದಿಂದ ದುಡಿಯಲು ಬಂದ ಅಲಿಗೆ ಧಣಿ ತಿಂಗಳುಗಟ್ಟಲೆ ಸಂಬಳ ಕೊಟ್ಟಿಲ್ಲ. ಉತ್ತರ ಕೊರಿಯಾದಿಂದ ತಪ್ಪಿಸಿಕೊಂಡು ಬಂದ ಸೇಬ್ಯೋಕ್‌ಗೆ ಅನಾಥಾಲಯದಲ್ಲಿರುವ ತಮ್ಮನನ್ನು ಬಿಡಿಸಿಕೊಳ್ಳಬೇಕು. ಕಾರ್ಡು ಮತ್ತೆ ಬಾಗಿಲ ಸಂದಿಯಿಂದ ಬರುತ್ತದೆ. 201 ಜನರಲ್ಲಿ 187 ಮಂದಿ ತಾವಾಗಿಯೇ ವ್ಯಾನು ಹತ್ತುತ್ತಾರೆ.

"ಹಂಗಾದ್ರೆ ಹದಿನಾಲ್ಕು ಜನ ಬರಲಿಲ್ಲ" ಅಂದಳು ಅಮ್ಮ.

"ಹೌದು."

"ಅವರೇನಾದ್ರು?"

ನಾನು ತಮ್ಮನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಎರಡು ಸಲ ನೋಡಿದವಳು ನಾನು. ವಾಪಸು ಬಂದ 187 ಜನರ ಬಗ್ಗೆ ಗೆಳೆಯರೊಡನೆ ಗಂಟೆಗಟ್ಟಲೆ ವಾದ ಮಾಡಿದ್ದೆ. ಸ್ವ ಇಚ್ಛೆ, ಆಯ್ಕೆ, ಬಂಡವಾಳ ಎಂದೆಲ್ಲ ಮಾತಾಡಿದ್ದೆ. ಬಾರದವರನ್ನು ಒಮ್ಮೆಯೂ ಎಣಿಸಿರಲಿಲ್ಲ. ಕಥೆಯೂ ಅವರನ್ನು ತೋರಿಸುವುದಿಲ್ಲ. "ಬಚಾವಾದರು ಅನ್ಸುತ್ತೆ" ಎಂದೆ.

"ಸಾಲ ಬಿಟ್ಟೋಯ್ತಾ ಅವರಿಗೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮತ್ತೆ ಮೊರ ಎತ್ತಿಕೊಂಡಳು.

ಮುಂದಿನ ಆಟಗಳನ್ನು ಬೇಗ ಬೇಗ ಹೇಳಿದೆ. ಸಕ್ಕರೆ ಕಾಯಿಸಿ ಸೋಡಾ ಹಾಕಿ ಉಬ್ಬಿಸಿದ ತೆಳು ಬಿಲ್ಲೆಯಿಂದ ಆಕಾರ ಮುರಿಯದಂತೆ ಬಿಡಿಸುವುದು, ಹಗ್ಗ ಜಗ್ಗಾಟ, ಗೋಲಿ, ಗಾಜಿನ ಸೇತುವೆ, ಕೊನೆಗೆ ನೆಲದ ಮೇಲೆ ಗೀಟು ಹಾಕಿ ಕುಂಟುತ್ತಾ ಆಡುವ ಸ್ಕ್ವಿಡ್ ಆಟ. "ನಮ್ಮ ಕುಂಟೆಬಿಲ್ಲೆ ಇದ್ದಂಗೆ" ಅಂದಳು ಅಮ್ಮ. ಗೋಲಿಯಾಟದ ಹತ್ತಿರ ಮಾತ್ರ ನಿಂತೆ. ಇಬ್ಬಿಬ್ಬರು ಜೊತೆಯಾಗಿ ಎನ್ನುತ್ತಾರೆ, ಎಲ್ಲರೂ ತಮಗೆ ಬೇಕಾದವರನ್ನೇ ಆರಿಸಿಕೊಳ್ಳುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಜೊತೆಗಾರನೇ ಎದುರಾಳಿ ಎಂದು. ಅಲಿ ಮೊದಮೊದಲು ಸಾಂಗ್ ವೂನನ್ನು 'ಸಾರ್' ಎನ್ನುತ್ತಿದ್ದ. ಹಾಗನ್ನಬೇಡ, 'ಹ್ಯೋಂಗ್' ಅನ್ನು ಎಂದು ಅವನೇ ಹೇಳಿಕೊಟ್ಟಿದ್ದ. ಕನ್ನಡದಲ್ಲಿ ಹೇಳುವಾಗ ಏನೂ ತಡಕಾಡಬೇಕಾಗಲಿಲ್ಲ. 'ಅಣ್ಣ' ಎಂದರೆ ಸಾಕು. ಆ ಅಣ್ಣನೇ ಗೋಲಿಯ ಚೀಲಕ್ಕೆ ಕಲ್ಲು ತುಂಬಿಸಿ ಕೊಟ್ಟು ಅಲಿಯನ್ನು ಸಾವಿಗೆ ಕಳಿಸುತ್ತಾನೆ. ಅಲಿಯ ಪಾತ್ರ ಮಾಡಿದ ಅನುಪಮ್ ತ್ರಿಪಾಠಿ ದೆಹಲಿಯ ಹುಡುಗ, ಕೊರಿಯಾದಲ್ಲೇ ನಟನೆ ಕಲಿತವನು ಎಂದಾಗ ಅಮ್ಮ "ಅಯ್ಯೋ ಪಾಪ" ಎಂದಳು. ಪಾಪ ಅಂದದ್ದು ಅಲಿಗೋ ನಟನಿಗೋ ತಿಳಿಯಲಿಲ್ಲ.

ಗಿ ಹುನ್ ಗೆಲ್ಲುತ್ತಾನೆ. 4,560 ಕೋಟಿ ವಾನ್. ಮನೆಗೆ ಬಂದರೆ ತಾಯಿ ಸತ್ತು ಮಲಗಿದ್ದಾಳೆ. ಒಂದು ವರ್ಷ ಆ ದುಡ್ಡು ಮುಟ್ಟುವುದಿಲ್ಲ. ಇದನ್ನೆಲ್ಲ ಆಡಿಸಿದವನು ಅದೇ 001 ನಂಬರಿನ ಮುದುಕ ಎಂದು ಕೊನೆಗೆ ತಿಳಿಯುತ್ತದೆ. ಮಗಳನ್ನು ನೋಡಲು ಅಮೆರಿಕಕ್ಕೆ ಹೊರಟವನು ವಿಮಾನದ ಬಾಗಿಲಿನಿಂದ ಹಿಂತಿರುಗುತ್ತಾನೆ. ಈ ಪಾತ್ರಕ್ಕೆ 2022ರಲ್ಲಿ ಲೀ ಜಂಗ್ ಜೇಗೆ ಎಮ್ಮಿ ಪ್ರಶಸ್ತಿ ಬಂತು.

2024ರ ಡಿಸೆಂಬರ್‌ನಲ್ಲಿ ಬಂದ ಎರಡನೇ ಸೀಸನ್ನು ಏಳೇ ಕಂತು. ಗಿ ಹುನ್ ಆಟವನ್ನೇ ನಿಲ್ಲಿಸಲೆಂದು ಮತ್ತೆ 456 ನಂಬರು ತೊಟ್ಟು ಒಳಗೆ ಹೋಗುತ್ತಾನೆ. ಈ ಸಲ ನಿಯಮ ಬೇರೆ. ಪ್ರತಿ ಆಟದ ನಂತರವೂ ಮತದಾನ. ನಿಲ್ಲಿಸಲು ಬಹುಮತ ಬಂದರೆ ಅಲ್ಲಿಯವರೆಗಿನ ದುಡ್ಡು ಬದುಕಿದವರಿಗೆಲ್ಲ ಸಮಪಾಲು. ಮುಂದುವರಿಯಲಿ ಎಂದವರ ಎದೆಗೆ ನೀಲಿ ಸೊನ್ನೆ, ಬೇಡ ಎಂದವರ ಎದೆಗೆ ಕೆಂಪು ಗುಣಾಕಾರದ ಗುರುತು. ಮೊದಲ ಆಟ ಮುಗಿದಾಗ 365 ಜನ ಉಳಿದಿರುತ್ತಾರೆ. ಹೊರಟರೆ ತಲೆಗೆ ಹದಿನೈದು ಲಕ್ಷ ರೂಪಾಯಿಯಷ್ಟು. ಗಿ ಹುನ್ ಕೂಗಿ ಕೂಗಿ ಹೇಳುತ್ತಾನೆ, ನಾನು ಮೊದಲು ಆಡಿದವನು, ಎಲ್ಲರೂ ಸಾಯುತ್ತೀರಿ ಎಂದು. 183ಕ್ಕೆ 182. ಒಂದು ಮತದಿಂದ ಆಟ ಮುಂದುವರಿಯುತ್ತದೆ. ಆ ಕೊನೆಯ ಮತ ಹಾಕಿದವನು 001 ತೊಟ್ಟು ಒಳಗೆ ನುಸುಳಿದ ಆಟದ ಮುಖ್ಯಸ್ಥನೇ.

"ಉಳಿದ 182 ಜನಕ್ಕೆ ಏನು ರೋಗ ಅಮ್ಮ? ಅವರೇನು ಮುಖ್ಯಸ್ಥರಾ? ಆಸೆ, ಬರೀ ಆಸೆ" ಎಂದೆ.

ಅಮ್ಮ ಮಾತಾಡಲಿಲ್ಲ. ನಾನು ಮುಂದುವರಿಸಿದೆ. ಆಟಗಾರರಲ್ಲಿ ಗ್ಯೂಮ್ ಜಾ ಎಂಬ ಮುದುಕಿ ಇದ್ದಾಳೆ. ಮಗನ ಸಾಲ ತೀರಿಸಲೆಂದು ಬಂದವಳು. ಒಳಗೆ ನೋಡಿದರೆ ಮಗನೂ ಅಲ್ಲೇ ನಿಂತಿದ್ದಾನೆ. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಬಂದವರು.

ರಾಗಿ ಕೇರುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಅಂದಳು: "ನಾವೂ ಕೈ ಎತ್ತಿದ್ವಿ ಕಣೆ."

ಎರಡು ವರ್ಷದ ಹಿಂದೆ ನನ್ನ ಫೆಲೋಶಿಪ್ ಹಣ ಏಳು ತಿಂಗಳು ಬಂದಿರಲಿಲ್ಲ. ಅಮ್ಮ ತಿಂಗಳಿಗೆ ನಾಲ್ಕು ಸಾವಿರ ಕಳಿಸುತ್ತಿದ್ದಳು. ಕೊಬ್ಬರಿ ಮಾರಿದ್ದು ಎಂದಿದ್ದಳು. ಅದು ಕೊಬ್ಬರಿಯದಲ್ಲ. ಕೇರಿಯ ಹತ್ತು ಹೆಂಗಸರ ಸಂಘಕ್ಕೆ ಕಂಪನಿಯವನೊಬ್ಬ ಬಂದು ತಲಾ ಐವತ್ತು ಸಾವಿರ ಕೊಡುತ್ತೇವೆ, ಅಡಮಾನ ಬೇಡ, ಒಬ್ಬರಿಗೊಬ್ಬರು ಜಾಮೀನು, ಹತ್ತೂ ಜನ ಸೇರಿದರೆ ಮಾತ್ರ ಎಂದಿದ್ದ. ಎಂಟು ಜನ ಆಗಲಿ ಅಂದರು. ಇಬ್ಬರು ಬೇಡ ಅಂದರು. ಹತ್ತು ಆಗದಿದ್ದರೆ ಯಾರಿಗೂ ಇಲ್ಲ ಎಂದಾಗ ಎಂಟು ಜನ ಸೇರಿ ಆ ಇಬ್ಬರ ಮನೆಗೆ ಹೋಗಿ ಕೂತು ಒಪ್ಪಿಸಿದರು. ಅದರಲ್ಲಿ ಅಮ್ಮನೂ ಇದ್ದಳು. ವಾರಕ್ಕೆ 650 ರೂಪಾಯಿ ಕಂತು. ಹೋದ ಯುಗಾದಿ ಆದಮೇಲೆ ಆ ಇಬ್ಬರಲ್ಲಿ ಒಬ್ಬಳು, ಗಂಡ ಮಕ್ಕಳ ಜೊತೆ, ರಾತ್ರೋರಾತ್ರಿ ಮನೆಗೆ ಬೀಗ ಹಾಕಿ ಹೋದಳು. ಅವಳ ಕಂತನ್ನು ಈಗ ಒಂಬತ್ತು ಜನ ತಲಾ 73 ರೂಪಾಯಿ ಹಾಕಿ ಕಟ್ಟುತ್ತಿದ್ದಾರೆ.

"ಬೇಡ ಅಂದೋಳೇ ಅವಳು" ಅಂದಳು ಅಮ್ಮ. "ಈಗ ಎಲ್ಲಿದಾಳೋ."

2025ರ ಫೆಬ್ರವರಿಯಲ್ಲಿ ಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂದದ್ದು, ಹತ್ತು ವರ್ಷದವರೆಗೆ ಜೈಲು ಎಂದಿದ್ದದ್ದು ನನಗೆ ಗೊತ್ತಿತ್ತು. ಊರು ಬಿಟ್ಟವರ ಸುದ್ದಿಗಳನ್ನು ಓದಿ ಸಿಟ್ಟೂ ಬಂದಿತ್ತು. ಆ ಬೀಗ ನಮ್ಮ ಕೇರಿಯಲ್ಲೂ ಬಿದ್ದಿದೆ, ಅದರಲ್ಲಿ ನನ್ನ ಹಾಸ್ಟೆಲ್ ಊಟದ ದುಡ್ಡೂ ಸೇರಿದೆ ಎಂದು ಗೊತ್ತಿರಲಿಲ್ಲ. ಮಗಳು ಓದಲೆಂದು ತಾಯಿ ಹೇಳದೆ ಸಾಲ ಮಾಡಿದಳು. ತಾಯಿಗೆ ತೊಂದರೆ ಬೇಡವೆಂದು ಮಗಳು ಗೆಳತಿಯರ ಹತ್ತಿರ ಮಾಡಿದ ಸಾಲ ಹೇಳಲಿಲ್ಲ. ಗ್ಯೂಮ್ ಜಾ ಮತ್ತವಳ ಮಗನನ್ನು ನೋಡಿ ನಾನು ಹಾಸ್ಟೆಲಿನಲ್ಲಿ ನಕ್ಕಿದ್ದೆ.

ಆಸೆ ಎಂಬ ಮಾತನ್ನು ವಾಪಸು ತೆಗೆದುಕೊಳ್ಳಬೇಕು ಅನಿಸಿತು. "ಯಾಕಮ್ಮ ಒಪ್ಪಿಸೋಕೆ ಹೋದೆ?" ಎಂದು ಕೇಳಲು ಬಾಯಿ ಬರಲಿಲ್ಲ. ಉತ್ತರ ಎದುರಿಗೇ ಕೂತಿತ್ತಲ್ಲ, ನಾನೇ.

ಕರೆಂಟು ಬಂತು. ತಮ್ಮ ಮೊಬೈಲು ಚಾರ್ಜಿಗೆ ಹಾಕಿ ಬಂದು, "ಆಮೇಲೆ?" ಎಂದ. ಉಳಿದದ್ದನ್ನು ಹೇಳಿದೆ. ನೂರು ಜನ ಉಳಿದಾಗ ಮತ ಐವತ್ತಕ್ಕೆ ಐವತ್ತು ಸಮವಾಗುತ್ತದೆ. ರಾತ್ರಿ ದೀಪ ಆರಿದಾಗ ಆಟಗಾರರೇ ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ಗಿ ಹುನ್ ಕಾವಲುಗಾರರ ಬಂದೂಕು ಕಸಿದು ದಂಗೆ ಏಳಿಸುತ್ತಾನೆ. ಗುಂಡು ಮುಗಿಯುತ್ತದೆ, ದಂಗೆ ಸೋಲುತ್ತದೆ. ಅವನನ್ನು ನಂಬಿ ಬಂದ ಹಳೆಯ ಗೆಳೆಯ ಜಂಗ್ ಬೆಯನ್ನು ಮುಖ್ಯಸ್ಥ ಅವನ ಕಣ್ಣೆದುರೇ ಸುಡುತ್ತಾನೆ. ಅಲ್ಲಿಗೆ ನಿಂತಿದೆ.

"ಅಂತೂ ತಾನೊಬ್ಬ ಉಳ್ಕೊಂಡು ಬೇರೆಯೋರನ್ನ ಸಾಯಿಸ್ದ" ಅಂದಳು ಅಮ್ಮ. ಬೈಗುಳದ ದನಿಯಲ್ಲ. ಅವನ ಕಷ್ಟ ತನಗೆ ಗೊತ್ತು ಎನ್ನುವ ದನಿ.

ಮಾರನೇ ದಿನ ಅಮ್ಮನ ಸಾಲದ ಪಾಸ್‌ಬುಕ್ ತೆಗೆಸಿ ಲೆಕ್ಕ ಹಾಕಿದೆ. ಇನ್ನು ಹನ್ನೊಂದು ಕಂತು. ಅವಳದನ್ನು ನಾನು ಕಟ್ಟುತ್ತೇನೆ ಎಂದೆ. ಅಮ್ಮ ಒಪ್ಪಿದಳು, ಆದರೆ ಬೀಗ ಹಾಕಿಕೊಂಡು ಹೋದವಳ 73 ರೂಪಾಯಿಯನ್ನು ಮಾತ್ರ ತಾನೇ ಕಟ್ಟುತ್ತೇನೆ ಎಂದಳು. ನಾನು ಹೆಚ್ಚು ಒತ್ತಾಯಿಸಲಿಲ್ಲ.

ಹೊರಡುವಾಗ ತಮ್ಮ, "ಇಪ್ಪತ್ತೇಳಕ್ಕೆ ಬಾ ಅಕ್ಕ, ಮೂವರೂ ಒಟ್ಟಿಗೆ ನೋಡೋಣ. ನೀನು ಅಮ್ಮನಿಗೆ ಕನ್ನಡದಲ್ಲಿ ಹೇಳ್ತಾ ಹೋಗು" ಎಂದ.

ಅಮ್ಮ ಕ್ಯಾಲೆಂಡರ್ ನೋಡಿದಳು. "ಶುಕ್ರವಾರ. ಸಂಘದ ಕಂತಿನ ದಿನ. ಕಟ್ಟಿ ಬಂದಮೇಲೆ ಹಾಕ್ರಿ" ಎಂದಳು. ಆಮೇಲೆ, ಬಸ್ಸು ಬರುವ ಹೊತ್ತಿಗೆ, "ಆ ಹದಿನಾಲ್ಕು ಜನದ ಸುದ್ದಿ ಇದ್ರಲ್ಲಾದ್ರೂ ಬರುತ್ತಾ?" ಎಂದು ಕೇಳಿದಳು.