ಒಂಬತ್ತು ಅಲಗು ಕಮ್ಮಿ ಬಿತ್ತು, ಭೀಮನಬೀಡಿಗೆ ಹೋದೆ

ಊರಿಗೆ ಹೋಗೋಕೆ ನಮಗೆಲ್ಲ ಒಂದು ನೆಪ ಬೇಕು. ಹಬ್ಬ, ಮದುವೆ, ಇಲ್ಲಾಂದ್ರೆ ಅಮ್ಮನ ಫೋನು. ಕಳೆದ ಆಗಸ್ಟಿನಲ್ಲಿ ನನಗೆ ಸಿಕ್ಕ ನೆಪ ಮಾತ್ರ ವಿಚಿತ್ರ: 40 ಬ್ಲೇಡು ಮಾಡಿಸಬೇಕಿತ್ತು, 9 ಕಮ್ಮಿ ಬಿದ್ದಿತ್ತು.

ಶೇವಿಂಗ್ ಬ್ಲೇಡ್ ಅಲ್ಲ. ಮರವನ್ನು ನುಣುಪು ಮಾಡುವ ಉಜ್ಜುಗೊರಡಿನ ಅಲಗು. ವಾರವಿಡೀ ಕೋಡ್ ಬರೆದು ಶನಿವಾರ ಮರದ ಕೆಲಸ ಮಾಡುವ ನಮ್ಮಂಥವರ ಒಂದು ಸಣ್ಣ ವಾಟ್ಸಾಪ್ ಗುಂಪಿದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಅಲಗಿನ ಮೊನೆ ಹತ್ತು ನಿಮಿಷಕ್ಕೆ ಮೊಂಡಾಗುತ್ತೆ. ಒಳ್ಳೇ ವಿದೇಶಿ ಅಲಗು ತರಿಸಿದರೆ ಒಂದಕ್ಕೇ ಸಾವಿರಗಟ್ಟಲೆ. 'ಉಕ್ಕು ತಂದು ನಾವೇ ಮಾಡಿಸೋಣ' ಅಂತ ನಾನು ಬಾಯಿ ಹಾಕಿದೆ. ಬಾಯಿ ಹಾಕಿದವನ ತಲೆಗೇ ಕೆಲಸ ಬಂತು.

ಪೀಣ್ಯದ ಒಂದು ಶೆಡ್‌ನಲ್ಲಿ ವಿಚಾರಿಸಿದೆ. ತಗಡು ಕತ್ತರಿಸಬೇಕು, ಕುಲುಮೆಯಲ್ಲಿ ಕಾಯಿಸಿ ಎಣ್ಣೆಗೆ ಅದ್ದಬೇಕು, ಹದ ಮಾಡಬೇಕು, ಕೊನೆಗೆ ಸಮತಟ್ಟಾಗಿ ಉಜ್ಜಬೇಕು. ಐದು ಅಲಗಿಗೂ ಐವತ್ತು ಅಲಗಿಗೂ ಕುಲುಮೆ ಒಂದೇ ಸಲ ಹೊತ್ತಿಸೋದು. ಹಾಗಾಗಿ 40 ಆದರೆ ಒಂದಕ್ಕೆ 850 ರೂಪಾಯಿ, ಕಮ್ಮಿಯಾದರೆ ಆಗಲ್ಲ ಅಂದರು. ನಮ್ಮ ಗುಂಪಿನಲ್ಲಿ 31 ಹೆಸರು ಬಂತು. ಉಳಿದ 9ಕ್ಕೆ ನೆನಪಾದದ್ದು ದೊಡ್ಡಪ್ಪ.

ದೊಡ್ಡಪ್ಪ ಭೀಮನಬೀಡಿನಲ್ಲಿ ಮರಗೆಲಸ ಮಾಡಿಕೊಂಡಿರೋರು. 'ನಮ್ಮೂರಿನವರಿಗೂ ಒಳ್ಳೇ ಉಕ್ಕು ಸಿಗಲಿ' ಅಂತ ಗುಂಪಿನಲ್ಲಿ ದೊಡ್ಡದಾಗಿ ಬರೆದೆ. ನಿಜ ಹೇಳಬೇಕಂದ್ರೆ ನನಗೆ ಬೇಕಿದ್ದದ್ದು 9 ಅನ್ನೋ ಸಂಖ್ಯೆ.

ಮೈಸೂರಿನಿಂದ ಗುಂಡ್ಲುಪೇಟೆಗೆ ಸುಮಾರು 60 ಕಿಲೋಮೀಟರ್. ನಂಜನಗೂಡು, ಬೇಗೂರು ದಾಟಿ ಬಸ್ ಹೋಗುತ್ತೆ. ಮುಂದೆ ಇದೇ ದಾರಿ ಒಂದು ಕಡೆ ಊಟಿಗೆ, ಇನ್ನೊಂದು ಕಡೆ ವಯನಾಡಿಗೆ ಒಡೆಯುತ್ತೆ. ಎರಡೂ ಬಂಡೀಪುರದ ಕಾಡಿನೊಳಗೇ ಹಾದುಹೋಗೋದು. 2009ರಿಂದ ರಾತ್ರಿ 9ರ ಮೇಲೆ ಅಲ್ಲಿ ಗಾಡಿ ಬಿಡಲ್ಲ, ಅದಕ್ಕೇ ಸಂಜೆ ಆಯ್ತಂದ್ರೆ ಲಾರಿಗಳಿಗೆ ಅವಸರ. ಮಳೆಗಾಲದಲ್ಲಿ ಬಂದರೆ ರಸ್ತೆ ಪಕ್ಕ ಚೆಂಡುಹೂವಿನ ಹೊಲ, ಸೂರ್ಯಕಾಂತಿ ಹೊಲ. ಓಣಂ ಹತ್ತಿರ ಬಂದಾಗ ಕೇರಳದ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ, ಎಲ್ಲರ ಕೈಲೂ ಫೋನು. ನಾನೂ ಕಿಟಕಿಯಿಂದ ಒಂದು ಫೋಟೋ ತೆಗೆದೆ, ಬಸ್ಸಿನ ಕಂಬಿ ಮಾತ್ರ ಬಂತು.

ಗುಂಡ್ಲುಪೇಟೆಯಲ್ಲಿ ಬಸ್ ಬದಲಿಸಿ ಊರು ಸೇರಿದೆ. ಬೀಡು ಅಂದರೆ ಪಾಳೆಯ, ತಂಗುವ ಜಾಗ. ಬಾಳೆ, ಅರಿಸಿನದ ತೋಟಗಳ ನಡುವೆ ಇರೋ ಭೀಮನಬೀಡಿನಲ್ಲಿ ನಾನು ತಂಗೋದು ಮಾತ್ರ ವರ್ಷಕ್ಕೆ ಎರಡು ರಾತ್ರಿ.

'ಯಾವಾಗ ಬಂದೆ ಮಗ? ಉಂಡಿದ್ದಯ?' ಅಂದರು ದೊಡ್ಡಪ್ಪ. ಕೊಟ್ಟಿಗೆಯಲ್ಲಿ ಪ್ಲೈವುಡ್, ಕರೆಂಟಿನ ಪ್ಲೇನರ್. ಅಟ್ಟದ ಮೇಲೆ ನಾಲ್ಕು ಹಳೇ ಕೊರಡು ಧೂಳು ಹಿಡಿದಿದ್ದವು. ಬಾಗಿಲು, ಕಿಟಕಿ ಈಗ ರೆಡಿಮೇಡ್ ಬರುತ್ತೆ. ಆದರೂ ಹಲಸು, ಹೊನ್ನೆ ಬಂದಾಗ ಕೊನೆಯ ಕೈ ಇವುಗಳದ್ದೇ. ಮೆಷಿನ್ ಬಿಟ್ಟ ಅಲೆಯಂಥ ಗುರುತು ಕೈಯ ಕೊರಡಿಗೇ ಹೋಗೋದು.

ಫೋನಿನಲ್ಲಿ ನನ್ನ ಎಕ್ಸೆಲ್ ಶೀಟ್ ತೋರಿಸಿದೆ. ನಾನು ಆರಿಸಿದ್ದು ಡಿ2 ಅನ್ನೋ ಉಕ್ಕು. ಶೇಕಡಾ 12ರಷ್ಟು ಕ್ರೋಮಿಯಂ, ಒಂದೂವರೆಯಷ್ಟು ಇಂಗಾಲ. ಅಚ್ಚುಗಳಿಗೆ ಬಳಸುವ ಗಟ್ಟಿ ಜಾತಿ. 'ಮೊನೆ ತುಂಬಾ ದಿನ ನಿಲ್ಲುತ್ತೆ ದೊಡ್ಡಪ್ಪ' ಅಂದೆ.

ಅವರು ಮೂಲೆಯಲ್ಲಿದ್ದ ಸಾಣೆಕಲ್ಲು ನೋಡಿದರು. ಮಧ್ಯೆ ತಗ್ಗು ಬಿದ್ದ ಹಳೇ ಕಲ್ಲು. 'ನಮ್ ಕಲ್ಲುಗ ಬಗ್ತದ ಇದು?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಶೀಟಿನಲ್ಲಿ ಗಡಸುತನ, ಬೆಲೆ, ದಪ್ಪ ಎಲ್ಲಕ್ಕೂ ಕಾಲಂ ಇತ್ತು. ಮಸೆಯೋದು ಎಷ್ಟು ಕಷ್ಟ ಅನ್ನೋದಕ್ಕೆ ಇರಲಿಲ್ಲ. ಡಿ2 ಒಳಗೆ ಕ್ರೋಮಿಯಂ ಮತ್ತು ಇಂಗಾಲ ಸೇರಿದ ತೀರಾ ಗಟ್ಟಿ ಕಣಗಳಿರುತ್ತವೆ. ವಜ್ರದ ಪುಡಿ ಲೇಪಿಸಿದ ಫಲಕ ಇದ್ದವರಿಗೆ ಅದು ಸರಿ. ಸಾಮಾನ್ಯ ಕಲ್ಲಿನಲ್ಲಿ ಮಸೆಯೋನಿಗೆ ಶಿಕ್ಷೆ.

ಇನ್ನೊಂದು ಎಡವಟ್ಟೂ ಕಾದಿತ್ತು. ನಾನು ಎಲ್ಲಕ್ಕೂ ಎರಡು ಇಂಚು ಅಂತ ಬರೆದುಕೊಂಡಿದ್ದೆ. ಕಬ್ಬಿಣದ ಕೊರಡಿಗೆ ಅದು ಸರಿ, ಅವು ಒಂದೇ ಅಳತೆಗೆ ಫ್ಯಾಕ್ಟರಿಯಿಂದ ಬರುತ್ತವೆ. ಮರದ ಕೊರಡು ಹಾಗಲ್ಲ, ಮಾಡಿದವನ ಕೈ ಅಳತೆ. 'ದೊಡ್ಡದಿದ್ರೆ ಆಮೇಲೆ ಅರದಲ್ಲಿ ಉಜ್ಜಿಕೊಳ್ಳಬಹುದಲ್ಲ' ಅಂದೆ. ದೊಡ್ಡಪ್ಪ ನಕ್ಕರು. 'ಬೆಂದ ಉಕ್ಕ ಅರ ಮುಟ್ಟದಾ ಮಗ? ಅಳತ ಮೊದ್ಲೇ ಸರಿ ಇರಬೇಕು ಕನ.'

ಮಾರನೇ ದಿನ ಬೆಳಗ್ಗೆ ಒಂಬತ್ತು ರಟ್ಟಿನ ತುಂಡು ಕೈಗಿಟ್ಟರು. ಊರಲ್ಲೂ ಪೇಟೆಯಲ್ಲೂ ತಿರುಗಿ, ಒಂದೊಂದು ಕೊರಡಿನ ಬಾಯಿಗೆ ಹಾಕಿ ನೋಡಿ ಕತ್ತರಿಸಿದ್ದು. ಒಂದರ ಮೇಲೆ ಟೀ ಪೊಟ್ಟಣದ ಚಿತ್ರ, ಇನ್ನೊಂದರ ಮೇಲೆ ಮದುವೆ ಕಾರ್ಡಿನ ಗಣಪತಿ. ಜೊತೆಗೆ 7,650 ರೂಪಾಯಿ ನಗದು. 'ಆಯುಧಪೂಜ ಒಳಗ ಬಂದ್ರ ಸಾಕು' ಅಂದರು. ಆ ಒಂಬತ್ತರಲ್ಲಿ ನಾಲ್ಕು ಜನ ಮಾತ್ರ ದುಡ್ಡು ಕೊಟ್ಟಿದ್ದರು, ಉಳಿದದ್ದು ದೊಡ್ಡಪ್ಪನ ಜೇಬಿಂದು ಅಂತ ದೊಡ್ಡಮ್ಮ ಬಸ್ ಸ್ಟ್ಯಾಂಡಿನಲ್ಲಿ ಹೇಳಿದರು. ಬೆಂಗಳೂರಿನಲ್ಲಿ 850 ಅಂದರೆ ಇಬ್ಬರ ಒಂದು ಊಟ. ಇಲ್ಲಿ ಹತ್ತಿರಹತ್ತಿರ ಒಂದು ದಿನದ ಕೂಲಿ. ಅಲ್ಲಿಂದ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಗುಂಪಿನಲ್ಲಿ 'ಉಕ್ಕು ಬದಲಿಸೋಣ' ಅಂದಾಗ ಜಗಳವೇ ಆಯ್ತು. ಕೊನೆಗೆ ಆರಿಸಿದ್ದು ಓಎಚ್‌ಎನ್‌ಎಸ್. ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ, ಅದ್ದಿದಾಗ ಹೆಚ್ಚು ಸೊಟ್ಟಗಾಗದ ಉಕ್ಕು. ಹೊರದೇಶದಲ್ಲಿ ಇದನ್ನೇ ಓ1 ಅಂತಾರೆ. ಸುಮಾರು 800 ಡಿಗ್ರಿಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಗಾಜಿನ ಹಾಗೆ ಗಡಸು, ಬೀಳಿಸಿದರೆ ಒಡೆಯುತ್ತೆ. ಮತ್ತೆ 200 ಡಿಗ್ರಿ ಆಸುಪಾಸು ಬೆಚ್ಚಗಿಟ್ಟರೆ ಹದಕ್ಕೆ ಬರುತ್ತೆ, ಮೈಮೇಲೆ ಒಣಹುಲ್ಲಿನ ಬಣ್ಣ ಮೂಡುತ್ತೆ. ಹದ ಅನ್ನೋ ಪದ ನಾವು ಪಾಕಕ್ಕೂ ಮಣ್ಣಿಗೂ ಬಳಸ್ತೀವಿ, ಉಕ್ಕಿಗೂ ಅದೇ. ಉಕ್ಕಿನ ವಿಷಯದಲ್ಲಿ ನಮ್ಮ ನಾಡು ಹೊಸದೂ ಅಲ್ಲ. 1800ರ ಸುಮಾರಿಗೆ ಇಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನು ಬರೆದಿದ್ದಾನೆ. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಶುರುವಾಯ್ತು.

ಉಕ್ಕು ಬದಲಿಸಿದ್ದಕ್ಕೆ ಗುಂಪಿನಲ್ಲಿ ಐದು ಅಲಗಿನ ಆರ್ಡರ್ ವಾಪಸ್ ಹೋಯ್ತು. ಆ 4,250 ನಾನೇ ಹಾಕಿದೆ. ಒಂಬತ್ತು ಬೇರೆ ಬೇರೆ ಅಳತೆ ಅಂದಾಗ ಶೆಡ್‌ನವರು ಮೊದಲು ತಲೆ ಅಲ್ಲಾಡಿಸಿದರು. ಲೇಸರ್ ಯಂತ್ರಕ್ಕೆ ಅಗಲ ಎಷ್ಟಾದರೇನು, ಫೈಲ್ ಕೊಟ್ಟರೆ ಕತ್ತರಿಸುತ್ತೆ. ರಟ್ಟುಗಳನ್ನು ಅಳೆದು ರಾತ್ರಿ ಕೂತು ಚಿತ್ರ ಬರೆದುಕೊಟ್ಟೆ.

ಆಯುಧಪೂಜೆಯ ಹಿಂದಿನ ಸಂಜೆ ಅಲಗುಗಳನ್ನು ಹೊತ್ತು ಊರಿಗೆ ಇಳಿದೆ. ದೊಡ್ಡಪ್ಪ ಒಂದನ್ನು ಕಲ್ಲಿನ ಮೇಲೆ ಇಪ್ಪತ್ತು ನಿಮಿಷ ಮಸೆದು, ಬೆಣೆ ಬಡಿದು, ಹಲಸಿನ ಹಲಗೆಯ ಮೇಲೆ ನೂಕಿದರು. ಹಳದಿ ಸುರುಳಿ ಉದ್ದಕ್ಕೆ ಎದ್ದು ಬಂತು. ಕೂಡಿದ್ದವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ತಮ್ಮ ತಮ್ಮ ಅಲಗು ಹುಡುಕೋಕೆ ಶುರು ಮಾಡಿದರು.

ಎಂಟು ಸರಿಯಾಗಿ ಕೂತವು. ಗಣಪತಿ ರಟ್ಟಿನದು ಕೂರಲಿಲ್ಲ. 43 ಮಿಲಿಮೀಟರ್ ಇದ್ದದ್ದನ್ನು ನಾನು 46 ಅಂತ ಬರೆದಿದ್ದೆ. ಅದು ಊರಿನ ಹಿರಿಯರೊಬ್ಬರದು, ದುಡ್ಡು ಕೊಟ್ಟ ನಾಲ್ವರಲ್ಲಿ ಒಬ್ಬರು. ದುಡ್ಡು ವಾಪಸ್ ಕೊಡ್ತೀನಿ ಅಂದೆ. ಅವರು ಅಲಗು ಕೆಳಗಿಡಲೇ ಇಲ್ಲ.

ದೊಡ್ಡಪ್ಪ ಕೊರಡನ್ನು ತಿರುಗಿಸಿ ನೋಡಿದರು. 'ಕಬ್ಬಿಣ ಕೇಳದಿದ್ರ ಬುಡು, ಮರ ನಮ್ದೇ ಅಲ್ವ' ಅಂದು ಉಳಿ ತಗೊಂಡರು. ಎರಡೂ ಪಕ್ಕ ಒಂದೂವರೆ ಮಿಲಿಮೀಟರ್‌ನಂತೆ ಕೆತ್ತಿದರು. ಅಷ್ಟು ದಪ್ಪ ಉಳಿದಿತ್ತು, ನನ್ನ ಪುಣ್ಯ. ರಾತ್ರಿ ಹತ್ತಕ್ಕೆ ಆ ಅಲಗೂ ಕೂತಿತು.

ನೀವೂ ಹೀಗೆ ಸೇರಿ ಏನಾದರೂ ಮಾಡಿಸುವುದಾದರೆ ಮೂರು ಮಾತು. ಮೊದಲು ಒಂದೇ ಒಂದು ಮಾಡಿಸಿ, ಬಳಸುವವರ ಕೈಗೆ ಕೊಡಿ. ಅಳತೆಯನ್ನು ಸಂಖ್ಯೆಯಲ್ಲಿ ಕೇಳಬೇಡಿ, ರಟ್ಟಿನಲ್ಲಿ ಕೇಳಿ, ಬರೆದದ್ದನ್ನು ಇನ್ನೊಬ್ಬರ ಹತ್ತಿರ ಓದಿಸಿ. ಯಾರ ದುಡ್ಡು ಯಾರ ಜೇಬಿಂದ ಬಂತು ಅಂತ ತಿಳಿದುಕೊಳ್ಳಿ.

ಬೆಳಗ್ಗೆ ಪೂಜೆಗೆ ಪ್ಲೇನರ್ ಪಕ್ಕದಲ್ಲೇ ನಾಲ್ಕು ಕೊರಡುಗಳೂ ಅಟ್ಟದಿಂದ ಇಳಿದು ಕೂತಿದ್ದವು, ಅರಿಸಿನ ಕುಂಕುಮ, ಮೇಲೆ ನಮ್ಮದೇ ಹೊಲದ ಚೆಂಡುಹೂವು. 'ನಿನ್ ಲ್ಯಾಪ್‌ಟಾಪೂ ಇಡು ಮಗ' ಅಂದರು ದೊಡ್ಡಪ್ಪ. ಇಟ್ಟೆ. ಈ ಸಲ ಊರಿನಲ್ಲಿ ಮೂರು ರಾತ್ರಿ ತಂಗಿದೆ.