ನೂರನೆಯ ದಿನ

ನನ್ನ ಅಂಗಾಲು ಸುಟ್ಟಿದೆ ಎಂದು ನನಗೆ ಗೊತ್ತಾದದ್ದು ಸುಟ್ಟ ನಾಲ್ಕನೆಯ ದಿನ. ಬೆಳಿಗ್ಗೆ ನೆಲ ಒರೆಸುತ್ತಿದ್ದ ಸೊಸೆ, "ಅತ್ತೆ, ದೇವರ ಮನೆಯಿಂದ ಅಡುಗೆ ಮನೆವರೆಗೂ ಅಂಟಂಟು ಗುರುತಿದೆ, ಏನು ಚೆಲ್ಲಿದ್ರಿ?" ಎಂದು ಕೇಳಿದಳು. ನಾನು ಏನೂ ಚೆಲ್ಲಿರಲಿಲ್ಲ. ಕೆಂಪು ಗಾರೆಯ ನೆಲದ ಮೇಲೆ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ, ಎಡಗಾಲಿನ ಕಡೆಗೆ ಮಾತ್ರ, ರೂಪಾಯಿ ನಾಣ್ಯದಗಲದ ಒದ್ದೆ ಮುದ್ರೆ. ಬಗ್ಗಿ, ಬೆರಳಿಂದ ಮುಟ್ಟಿ, ಮೂಸಿ ನೋಡಿದೆ. ಮೂವತ್ತನಾಲ್ಕು ವರ್ಷ ಊರವರ ಗಾಯ ತೊಳೆದವಳಿಗೆ ಆ ವಾಸನೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು 1985ರಿಂದ 2019ರವರೆಗೆ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿದವಳು. ಕಾಗದದ ಮೇಲೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಊರುಗಳಲ್ಲಿ ನರ್ಸಮ್ಮ. ಹೆಗಲಿಗೆ ಲಸಿಕೆಯ ಡಬ್ಬಿ, ಒಳಗೆ ಐಸ್ ಪ್ಯಾಕು, ಕೈಯಲ್ಲಿ ದಪ್ಪ ರಿಜಿಸ್ಟರು. ತರೀಕೆರೆ ಸೀಮೆಯ ತೋಟದ ದಾರಿಗಳಲ್ಲೂ ಅಜ್ಜಂಪುರದ ಅಮೃತಮಹಲ್ ಕಾವಲಿನ ಅಂಚಿನ ಹಳ್ಳಿಗಳಲ್ಲೂ ನಡೆದದ್ದಕ್ಕೆ ಲೆಕ್ಕವಿಲ್ಲ. 1995ರ ಡಿಸೆಂಬರಿನಲ್ಲಿ ಮೊದಲ ಪಲ್ಸ್ ಪೋಲಿಯೋ ನಡೆದಾಗ ಬಸ್ಸು ಸಿಗದೆ ಕತ್ತಲಾದ ಮೇಲೆ ನಡೆದೇ ಮನೆ ಸೇರಿದ್ದೆ. ಅಂದು ಎಷ್ಟು ಹೆಜ್ಜೆಯಾಯಿತು ಎಂದು ಕೇಳಿದ್ದರೆ ನಗುತ್ತಿದ್ದೆ. ಎಷ್ಟು ಮಕ್ಕಳಿಗೆ ಹಾಕಿದಿರಿ ಎಂದು ಕೇಳಿ, ಹೇಳುತ್ತೇನೆ.

ಸಕ್ಕರೆ ಕಾಯಿಲೆ ಬಂದದ್ದು 2012ರಲ್ಲಿ. ಕೆಲಸದಲ್ಲಿದ್ದಷ್ಟು ದಿನ ಅದು ಹದ್ದುಬಸ್ತಿನಲ್ಲಿತ್ತು. ನಿವೃತ್ತಿಯಾಗಿ ಅಮೃತಾಪುರದ ಮನೆಯಲ್ಲಿ ಕೂತ ಮೇಲೆ ಧಾರಾವಾಹಿ ಮತ್ತು ಮಧ್ಯಾಹ್ನದ ನಿದ್ದೆ ಶುರುವಾದವು, ಮೈ ಬಂತು, ರಕ್ತದ ಸಕ್ಕರೆ ಏರಿತು. ಬೆಂಗಳೂರಿನ ಮಗ 2023ರ ದೀಪಾವಳಿಗೆ ಬಂದವನು ನನ್ನ ರಿಪೋರ್ಟು ನೋಡಿ, ಮಾರನೆಯ ವಾರವೇ ಒಂದು ಗಡಿಯಾರ ಕಳಿಸಿದ. ಹೆಜ್ಜೆ ಎಣಿಸುವ ಗಡಿಯಾರ. ಹತ್ತು ಸಾವಿರ ಮುಟ್ಟಿದರೆ ಮಣಿಕಟ್ಟಿನ ಮೇಲೆ ಗುರ್ ಎಂದು ನಡುಗಿ, ಪರದೆಯ ಮೇಲೆ ಪಟಾಕಿ ಹಾರಿಸುತ್ತದೆ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ರಾತ್ರಿ ಎಲ್ಲರೂ ತಂತಮ್ಮ ಅಂಕಿ ಹಾಕುವುದೆಂದು ಮೈಸೂರಿನ ನಾದಿನಿ ಹೊಸ ಕಾನೂನು ತಂದಳು. ಅವಳು ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳನ್ನು ನಾನು ಸೋಲಿಸಲೇಬೇಕಿತ್ತು. ಯಾಕೆ ಎಂದು ಕೇಳಬೇಡಿ. ನಾದಿನಿ ಇರುವವರಿಗೆ ಗೊತ್ತಿರುತ್ತದೆ.

ಮೊದಲ ತಿಂಗಳು ನಿಜಕ್ಕೂ ಒಳ್ಳೆಯದಾಯಿತು, ಅದನ್ನು ಮುಚ್ಚಿಡುವುದಿಲ್ಲ. ನಿದ್ದೆ ಬಂತು, ಸಕ್ಕರೆ ಇಳಿಯಿತು, ಮೆಟ್ಟಿಲು ಹತ್ತುವಾಗ ಏದುಸಿರು ನಿಂತಿತು. ಅಲ್ಲಿಗೇ ಬಿಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಡಿಸೆಂಬರಿನ ಕೊನೆಯಿಂದ ಒಂದು ದಿನವೂ ತಪ್ಪದೆ ಹತ್ತು ಸಾವಿರ ಎಂಬ ಹಟ ಹಿಡಿಯಿತು. ತಪ್ಪಿದರೆ ಗಡಿಯಾರದ ದಿನಗಳ ಸರಪಣಿ ಕಡಿದು ಮತ್ತೆ ಒಂದರಿಂದ ಶುರು. ಆಮೇಲೆ ನಾನು ಮಾಡಿದ ಚೇಷ್ಟೆಗಳನ್ನು ಬರೆಯಲು ನಾಚಿಕೆಯಾಗುತ್ತದೆ. ಈ ಯಂತ್ರ ಕಾಲನ್ನು ನೋಡುವುದೇ ಇಲ್ಲ, ಕೈ ಬೀಸುವುದನ್ನು ಎಣಿಸುತ್ತದೆ. ತುಂಬಿದ ಕೊಡವನ್ನು ಸೊಂಟಕ್ಕಿಟ್ಟು ಅದೇ ಕೈಯಲ್ಲಿ ತಬ್ಬಿ ತಂದರೆ ಒಂದು ಹೆಜ್ಜೆಯೂ ಜಮೆಯಾಗುವುದಿಲ್ಲ. ಕಂಬಕ್ಕೆ ಕಟ್ಟಿದ ಕಡೆಗೋಲಿನಲ್ಲಿ ಮಜ್ಜಿಗೆ ಕಡೆದರೆ ನಿಂತಲ್ಲೇ ನೂರಾರು ಹೆಜ್ಜೆ. ನಮ್ಮ ಮನೆಯಲ್ಲಿ ಆ ಚಳಿಗಾಲ ಎಷ್ಟು ಮಜ್ಜಿಗೆಯಾಯಿತೋ! ಮಿಕ್ಸಿ ಇರುವಾಗ ಇದೇನು ಎಂದು ಸೊಸೆ ಕೇಳಿದ್ದಕ್ಕೆ, ಕಡೆದ ಬೆಣ್ಣೆಯ ರುಚಿಯೇ ಬೇರೆ ಎಂದೆ. ನೀರು ಹೊರುವುದು, ತೋಟದಲ್ಲಿ ಬಿದ್ದ ಗರಿ ಎಳೆದು ಹಾಕುವುದು, ಅಂಗಳದ ಅಡಿಕೆ ಹರವಿ ಮಗುಚುವುದು, ಇವನ್ನೆಲ್ಲ ಮೆಲ್ಲಗೆ ಬೇರೆಯವರ ಪಾಲಿಗೆ ಬಿಟ್ಟೆ. ಅವಕ್ಕೆ ಅಂಕಿ ಬೀಳುತ್ತಿರಲಿಲ್ಲವಲ್ಲ.

ನಡೆಯಲು ನಾನು ಆರಿಸಿಕೊಂಡದ್ದು ಅಮೃತೇಶ್ವರ ಗುಡಿಯ ಆವರಣ. ನಾಯಿ, ಬೈಕು, ಮರಳಿನ ಲಾರಿಗಳ ಕಾಟವಿಲ್ಲ, ನೆಲ ಸಮ. ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಗುಡಿ. ಶಾಸನದ ಪದ್ಯ ಜನ್ನನದು, ಕೆತ್ತನೆಯಲ್ಲಿ ಮಲ್ಲಿತಮ್ಮನ ಕೈಯಿದೆ. ದಕ್ಷಿಣದ ಗೋಡೆಯ ಮೇಲೆ 70 ಫಲಕಗಳಲ್ಲಿ ರಾಮಾಯಣವಿದೆ, ಕಥೆ ಅಪ್ರದಕ್ಷಿಣವಾಗಿ ಸಾಗುತ್ತದೆ. ಅಂದರೆ ಪ್ರದಕ್ಷಿಣೆ ಹಾಕುವವರಿಗೆ ರಾಮಾಯಣ ಕೊನೆಯಿಂದ ಮೊದಲಿಗೆ ಎದುರಾಗುತ್ತದೆ. ಇಷ್ಟು ವರ್ಷ ಈ ಊರಲ್ಲಿದ್ದ ನನಗೆ ಇದು ತಿಳಿದದ್ದು ಕಾಲು ಕೆಟ್ಟ ಮೇಲೆ, ಕೂತಾಗ. ನಡೆಯುವಾಗ ನನ್ನ ಕಣ್ಣು ಮಣಿಕಟ್ಟಿನ ಮೇಲಿರುತ್ತಿತ್ತು. ನಮ್ಮ ಅತ್ತೆಯೂ ಇದೇ ಗುಡಿಗೆ 108 ಪ್ರದಕ್ಷಿಣೆಯ ಹರಕೆ ಹೊತ್ತು ಹುಣಸೆ ಬೀಜ ಎಣಿಸುತ್ತಿದ್ದವರು. ಬೀಜ ಮುಗಿದರೆ ಅವರ ಹರಕೆ ಮುಗಿಯುತ್ತಿತ್ತು. ನನ್ನದು ರಾತ್ರಿ ಹನ್ನೆರಡಕ್ಕೆ ಮತ್ತೆ ಸೊನ್ನೆ.

2024ರ ಮಾರ್ಚ್ ಕೊನೆಯ ವಾರ. ಹಿಂದಿನ ವರ್ಷ ಮಳೆ ಕೈಕೊಟ್ಟು ತೋಟದವರು ಟ್ಯಾಂಕರ್ ನೀರು ಹಾಯಿಸುತ್ತಿದ್ದ ಬೇಸಿಗೆ. ನನ್ನ ಸರಪಣಿಯ 97ನೆಯ ದಿನ. ಸಂಜೆಗೆ ಬೀಗರು ಬರುವವರಿದ್ದರು, ಬಂದರೆ ಮತ್ತೆ ಹೊರಗೆ ಬೀಳುವ ಹಾಗಿಲ್ಲ. ಮೂರು ಸಾವಿರ ಬಾಕಿಯಿತ್ತು. ಮಧ್ಯಾಹ್ನ ಒಂದೂವರೆಗೆ ಗುಡಿಗೆ ಹೋದೆ. ಚಪ್ಪಲಿ ಹೊರಗೆ ಬಿಟ್ಟು ಕಾದ ಕಲ್ಲಿನ ಮೇಲೆ ಸುತ್ತು ಹಾಕಿದೆ. ದೂರದೂರಿನಿಂದ ಬಂದಿದ್ದ ಒಂದು ಸಂಸಾರ ಬಿಸಿಲಿಗೆ ಕುಣಿಯುತ್ತ ಹುಲ್ಲಿನ ಕಡೆಗೆ ಓಡಿತು. ಮಗುವನ್ನು ಎತ್ತಿಕೊಂಡ ಆ ತಾಯಿ ನನ್ನ ಕಡೆ ತಿರುಗಿ, "ಅಬ್ಬಾ, ಈ ಅಜ್ಜಿಗೆ ಕಾಲೇ ಸುಡಲ್ವಾ?" ಎಂದಳು. ನನಗೆ ಹೆಮ್ಮೆಯಾಯಿತು. ಹಳ್ಳಿಯ ಕಾಲು, ಪೇಟೆಯವರಿಗೆ ಏನು ಗೊತ್ತು ಎಂದುಕೊಂಡೆ.

ಆ ಹೆಮ್ಮೆಯನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ನಾನು ಯಾರು? ಕುಷ್ಠರೋಗದ ಸಮೀಕ್ಷೆಯಲ್ಲಿ ಜನರ ಕಣ್ಣು ಮುಚ್ಚಿಸಿ, ಮಚ್ಚೆಯ ಮೇಲೆ ಬಾಲ್‌ಪೆನ್ನಿನ ತುದಿ ಮುಟ್ಟಿಸಿ, "ಎಲ್ಲಿ ಮುಟ್ಟಿದೆ, ಬೆರಳಿಟ್ಟು ತೋರಿಸು" ಎಂದವಳು. ಸ್ಪರ್ಶ ಹೋದ ಪಾದದವರಿಗೆ ದಿನಾ ರಾತ್ರಿ ಅಂಗಾಲು ತಿರುಗಿಸಿ ನೋಡು, ನೀರಲ್ಲಿ ನೆನೆಸಿ ಎಣ್ಣೆ ಹಚ್ಚು, ಬರಿಗಾಲಲ್ಲಿ ಬಿಸಿಲಿಗೆ ಇಳಿಯಬೇಡ ಎಂದು ಹೇಳಿ ಹೇಳಿ, ಎಂ.ಸಿ.ಆರ್. ರಬ್ಬರಿನ ಮೆತ್ತನೆಯ ಚಪ್ಪಲಿ ಕೊಡಿಸಿದವಳು. ಸಕ್ಕರೆ ಕಾಯಿಲೆ ಹಳತಾದರೆ ಪಾದದ ನರ ಹೀಗೇ ಸಾಯುತ್ತವೆಂದು ತರಬೇತಿಯಲ್ಲಿ ಬರೆದುಕೊಂಡವಳು. ನನ್ನ ಬೆರಳುಗಳು ಎರಡು ವರ್ಷದಿಂದ ಜೋಮು ಹಿಡಿದಿದ್ದವು. ವಯಸ್ಸು ಎಂದು ಸುಮ್ಮನಿದ್ದೆ.

ಈಗ ಆ ಬೆಳಗಿಗೆ ಬರುತ್ತೇನೆ. ಇಲ್ಲಿಯವರೆಗೆ ಯಾರ ಮುಂದೆಯೂ ಬಾಯಿಬಿಡದ ಸಂಗತಿ ಇದು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿ ಕನ್ನಡಿ ಹಿಡಿದು ನೋಡಿದೆ. ಕಿರುಬೆರಳಿನ ಬುಡದಲ್ಲಿ ಒಡೆದ ಬೊಬ್ಬೆ, ಸುತ್ತ ಬೂದುಬಣ್ಣಕ್ಕೆ ತಿರುಗಿದ ಚರ್ಮ, ಒತ್ತಿದರೆ ಕೀವು. ನೋವಿಲ್ಲ. ಬೇರೆ ಯಾರ ಕಾಲಾಗಿದ್ದರೂ ಆ ಗಳಿಗೆಯಲ್ಲೇ ಆಟೋ ಕರೆಸುತ್ತಿದ್ದೆ, ನೆಲಕ್ಕೆ ಕಾಲೂರಲು ಬಿಡುತ್ತಿರಲಿಲ್ಲ. ಆದರೆ ಅದು 100ನೆಯ ದಿನ. ಗಾಯ ತೊಳೆದೆ, ಗಾಜ್ ಬಟ್ಟೆ ಸುತ್ತಿದೆ, ಮೇಲೆ ಕಾಲುಚೀಲ ಹಾಕಿದೆ, ಸೊಸೆಗೆ ತುಪ್ಪ ತುಳುಕಿತ್ತು ಎಂದೆ. ಹೊರಟೆ. ಸಂಜೆ ಆರೂವರೆಗೆ ಗಡಿಯಾರ ಪಟಾಕಿ ಹಾರಿಸಿತು. ಗುಂಪಿನಲ್ಲಿ ಹಾಕಿದೆ. ನಾದಿನಿ ಎರಡು ಕೈ ಮುಗಿಯುವ ಚಿತ್ರ ಕಳಿಸಿದಳು. ರಾತ್ರಿ ಚಳಿಜ್ವರ ಬಂತು.

ಡಾಕ್ಟರಿಗೂ ಮಗನಿಗೂ ನಾನು ಹೇಳಿದ್ದು, ಗಾಯ ಕಂಡದ್ದೇ ಅವತ್ತು ರಾತ್ರಿ ಎಂದು. ಮೊದಲ ಮೂರು ದಿನದ್ದು ಅಜ್ಞಾನ. ನೂರನೆಯ ದಿನದ್ದಕ್ಕೆ ಆ ಹೆಸರು ಒಪ್ಪುವುದಿಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಸೋಂಕು ಮೂಳೆಗೆ ಇಳಿದಿತ್ತು. ಕಿರುಬೆರಳು ಹೋಯಿತು. ಉಳಿದ ಗಾಯ ಕೂಡಲು ಹನ್ನೊಂದು ವಾರ ಬೇಕಾಯಿತು. ಇಂಥ ಗಾಯಕ್ಕೆ ಮಾತ್ರೆ, ಇಂಜೆಕ್ಷನ್ ಎಷ್ಟು ಮುಖ್ಯವೋ ಕಾಲೂರದೆ ಇರುವುದೂ ಅಷ್ಟೇ ಮುಖ್ಯ. ಪ್ರತಿ ಹೆಜ್ಜೆಯೂ ಕೂಡುತ್ತಿರುವ ಮಾಂಸವನ್ನು ಮತ್ತೆ ಅರೆಯುತ್ತದೆ. ಬಚ್ಚಲಿಗೆ ಹೋಗಿಬರಲು ಎಷ್ಟು ಹೆಜ್ಜೆ ಎಂದು ಡಾಕ್ಟರು ಕೇಳುತ್ತಿದ್ದರು, ಕಡಿಮೆ ಹೇಳಿದಷ್ಟೂ ಸಂತೋಷಪಡುತ್ತಿದ್ದರು. ಹತ್ತು ಸಾವಿರ ಹಾಕುತ್ತಿದ್ದವಳು ನಲವತ್ತಕ್ಕೆ ಶಹಬಾಸ್ ಅನ್ನಿಸಿಕೊಂಡೆ.

ಮಲಗಿದ್ದಾಗ ಮೊಮ್ಮಗಳ ಕೈಯಲ್ಲಿ ಮೊಬೈಲಿನಲ್ಲಿ ಹುಡುಕಿಸಿ ಓದಿದೆ: ಈ ಹತ್ತು ಸಾವಿರ ಎಲ್ಲಿಂದ ಬಂತು? ಟೋಕಿಯೋ ಒಲಿಂಪಿಕ್ಸಿನ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಕೆಯ ಯಂತ್ರ ಮಾರಲು ಇಟ್ಟ ಹೆಸರು 'ಮಾನ್‌ಪೊಕೆ', ಹತ್ತು ಸಾವಿರ ಹೆಜ್ಜೆಯ ಮೀಟರು ಎಂದು ಅರ್ಥ. ಮಾರಾಟದ ಹೆಸರು ಆರೋಗ್ಯದ ಸೂತ್ರವಾಗಿ ನನ್ನ ಮಣಿಕಟ್ಟಿಗೆ ಬಂದು ಕೂತಿತ್ತು. ಅಮೆರಿಕದಲ್ಲಿ ಸರಾಸರಿ 72 ವರ್ಷದ 16,000ಕ್ಕೂ ಹೆಚ್ಚು ಹೆಂಗಸರಿಗೆ ಯಂತ್ರ ಕಟ್ಟಿ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವು ಸ್ಪಷ್ಟವಾಗಿ ಕಡಿಮೆ. 7,500 ದಾಟಿದ ಮೇಲೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಹದಿನೈದು ಅಧ್ಯಯನಗಳನ್ನು ಒಟ್ಟುಮಾಡಿದ 2022ರ ಇನ್ನೊಂದು ಲೆಕ್ಕವೂ ಅರುವತ್ತು ದಾಟಿದವರಿಗೆ ಆರರಿಂದ ಎಂಟು ಸಾವಿರದ ಹೊತ್ತಿಗೆ ಲಾಭ ಸಮಕ್ಕೆ ನಿಲ್ಲುತ್ತದೆ ಎನ್ನುತ್ತದೆ. ನಾನು ಮಜ್ಜಿಗೆ ಕಡೆದು ಕೂಡಿಸಿದ ಕೊನೆಯ ಎರಡು ಸಾವಿರ ಯಾರ ಉದ್ಧಾರಕ್ಕೋ! ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ನಡಿಗೆಯ ಜೊತೆ ವಾರಕ್ಕೆ ಮೂರು ದಿನವಾದರೂ ಮೈಯ ಶಕ್ತಿ ಮತ್ತು ಸಮತೋಲನ ಕಾಯುವ ಕೆಲಸ ಬೇಕು ಎನ್ನುತ್ತದೆ. ಭಾರ ಎತ್ತುವುದು, ಕೂತು ಏಳುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಅಂಕಿ ಬೀಳುವುದಿಲ್ಲವೆಂದು ನಾನು ಕೈಬಿಟ್ಟ ಕೊಡವೂ ಅಡಿಕೆ ಗರಿಯೂ ಅದನ್ನೇ ಮಾಡಿಸುತ್ತಿದ್ದವು.

ಜೂನ್ ತಿಂಗಳಲ್ಲಿ ಪಕ್ಕದ ಊರಿನಿಂದ ಒಬ್ಬ ಹಿರಿಯರು ನೋಡಲು ಬಂದರು. ತೊಂಬತ್ತರ ದಶಕದಲ್ಲಿ ನನ್ನ ರಿಜಿಸ್ಟರಿನಲ್ಲಿದ್ದವರು, ಬಹು ಔಷಧ ಚಿಕಿತ್ಸೆಯಲ್ಲಿ ಕುಷ್ಠ ಗುಣವಾದವರು. ರೋಗ ಹೋದರೂ ಪಾದದ ಸ್ಪರ್ಶ ವಾಪಸು ಬರಲಿಲ್ಲ. ಜಗುಲಿಯ ಮೇಲೆ ಕೂತು, ಕಾಲಿಂದ ಚಪ್ಪಲಿ ತೆಗೆದು ಪಕ್ಕಕ್ಕಿಟ್ಟರು. ಎಂ.ಸಿ.ಆರ್. ಚಪ್ಪಲಿ, ಎಷ್ಟನೆಯ ಜೊತೆಯೋ. ನನ್ನ ಕಟ್ಟಿದ ಕಾಲನ್ನು ಬಹಳ ಹೊತ್ತು ನೋಡಿದರು.

"ಸಂಜೆ ಆದ್ರೆ ಅಂಗಾಲು ನೋಡ್ಕೋ, ನೋಡ್ಕೋ ಅಂತ ನನ್ನ ಬೆನ್ನು ಬಿದ್ದಿದ್ರಲ್ಲವ್ವ. ಮೂವತ್ತು ವರ್ಷ ಆತು, ಒಂದಿನ ಬಿಟ್ಟಿಲ್ಲ ನಾನು. ನೀವ್ಯಾಕೆ ನೋಡ್ಕಳ್ಳಿಲ್ಲ?"

ಅವರ ದನಿಯಲ್ಲಿ ಕುಟುಕು ಇರಲಿಲ್ಲ. ನಿಜವಾಗಿ ತಿಳಿಯಲೆಂದೇ ಕೇಳಿದರು. ಬಿಡುವಿರಲಿಲ್ಲ ಎನ್ನಬೇಕೆಂದಿದ್ದೆ, ನಾಲಿಗೆ ಏಳಲಿಲ್ಲ. ಕಾಫಿ ಕುಡಿದು, ತಮ್ಮ ಎರಡೂ ಅಂಗಾಲು ತಿರುಗಿಸಿ ತೋರಿಸಿ ಹೋದರು. ಒಂದು ಬಿರುಕಿಲ್ಲ.

ಈಗಲೂ ನಡೆಯುತ್ತೇನೆ. ನಡಿಗೆಯ ಮೇಲೆ ನನಗೆ ಸಿಟ್ಟಿಲ್ಲ, ಗಡಿಯಾರದ ಮೇಲೂ ಇಲ್ಲ. ಅದು ತನಗೆ ಬಂದದ್ದನ್ನು ಎಣಿಸಿತು. ಬೆಳಿಗ್ಗೆ ಏಳರ ಒಳಗೆ ಇಲ್ಲವೇ ಸಂಜೆ ಐದರ ಮೇಲೆ, ಒಳಗೆ ಕೈಯಾಡಿಸಿ ಕಲ್ಲು ಮುಳ್ಳು ಇಲ್ಲವೆಂದು ನೋಡಿದ ಮೆತ್ತನೆಯ ಚಪ್ಪಲಿ ಹಾಕಿ, ತೋಟದ ಬದಿಯ ರಸ್ತೆಯಲ್ಲಿ. ಗುಡಿಗೆ ಹೋದರೆ ಕಲ್ಲು ತಣ್ಣಗಿರುವಾಗ ಒಂದೇ ಪ್ರದಕ್ಷಿಣೆ, ಆಮೇಲೆ ಕೂರುವುದು. ಅರ್ಧ ಕೊಡ ನೀರು ನಾನೇ ತರುತ್ತೇನೆ. ವರ್ಷಕ್ಕೊಮ್ಮೆ ಪಾದಕ್ಕೆ ನೈಲಾನ್ ದಾರ ಒತ್ತಿ ಸ್ಪರ್ಶ ಪರೀಕ್ಷೆ ಮಾಡಿಸುತ್ತೇನೆ. ಸಕ್ಕರೆ ಕಾಯಿಲೆ ಇರುವ ಯಾರೂ ಕೇಳಿ ಮಾಡಿಸಿಕೊಳ್ಳಬಹುದು, ಐದು ನಿಮಿಷದ ಕೆಲಸ. ವಾಟ್ಸಾಪ್ ಗುಂಪಿನಲ್ಲಿ ನಾದಿನಿಯೇ ಗೆಲ್ಲುತ್ತಿದ್ದಾಳೆ.

ಹಳೆಯ ಕಚೇರಿಯ ಅಭ್ಯಾಸ ಬಿಡದೆ ಒಂದು ರಿಜಿಸ್ಟರು ಇಟ್ಟಿದ್ದೇನೆ. ಎರಡೇ ಅಂಕಣ. ನಿನ್ನೆಯ ಸಾಲು: ಹೆಜ್ಜೆ 5,120. ಎರಡೂ ಅಂಗಾಲು ನೋಡಿದೆ. ಬಲ ಹಿಮ್ಮಡಿಯಲ್ಲಿ ಕೂದಲೆಳೆಯಷ್ಟು ಬಿರುಕು, ಎಣ್ಣೆ ಹಚ್ಚಿದೆ, ನಾಳೆ ನಡಿಗೆ ಇಲ್ಲ.